ಮೊದಲ ಮನೆ ಕೊಳ್ಳುವಾಗ ಕಂತಿನಾಚೆಗಿನ ಖರ್ಚನ್ನು ಅಂದಾಜಿಸುವುದು ಹೇಗೆ?

ಹೊಸಹೊಸ್ತಿಲು

ನಾನೂ ನನ್ನ ಪತ್ನಿಯೂ ಮೊದಲ ಬಾರಿಗೆ ಮನೆ ಕೊಳ್ಳಲು ಹೊರಟಿದ್ದೇವೆ. ಇಬ್ಬರದೂ ಸಂಬಳದ ಕೆಲಸ. ನಮಗೆ ಸಿಗಬಹುದಾದ ಗರಿಷ್ಠ ಸಾಲವನ್ನು ಸಾಲ ಕೊಡುವವರು ತಿಳಿಸಿದ್ದಾರೆ. ಅಷ್ಟನ್ನೂ ತೆಗೆದುಕೊಂಡರೆ ತಿಂಗಳ ಕಂತು ನಮ್ಮಿಬ್ಬರ ಕೈಗೆ ಬರುವ ಒಟ್ಟು ಸಂಬಳದ ಶೇ. 45ರಷ್ಟಾಗುತ್ತದೆ. ಈಗ ಬಾಡಿಗೆಗೆ ಹೋಗುತ್ತಿರುವುದು ಶೇ. 25. ಉಳಿದ ಶೇ. 55ರಲ್ಲಿ ಸಂಸಾರ ಸರಾಗವಾಗಿ ನಡೆಯುತ್ತದೆ ಎಂದು ನಾನು ಹೇಳುತ್ತಿದ್ದೇನೆ. ಸ್ವಂತ ಮನೆಗೆ ಹೋದ ಮೇಲೆ ಖರ್ಚಿನ ಸ್ವರೂಪವೇ ಬದಲಾಗುತ್ತದೆ, ಅದನ್ನು ಕಾಗದದ ಮೇಲೆ ಬರೆದು ನೋಡದೆ ಮುಂಗಡ ಕೊಡುವುದು ಬೇಡ ಎಂದು ಆಕೆ ಪಟ್ಟು ಹಿಡಿದಿದ್ದಾರೆ.

ನಮ್ಮ ಮುಂದೆ ಎರಡು ಮನೆಗಳಿವೆ. ಒಂದು ಸುಮಾರು 20 ವರ್ಷ ಹಳೆಯ ಬಿಡಿ ಮನೆ, ಇನ್ನೊಂದು ಹೊಸದಾಗಿ ಕಟ್ಟಿರುವ ಸಮುಚ್ಚಯದಲ್ಲಿರುವ ಫ್ಲ್ಯಾಟು. ಬೆಲೆಯಲ್ಲಿ ಹೆಚ್ಚಿನ ಅಂತರವಿಲ್ಲ. ನಾವಿನ್ನೂ ವಾಸ ಮಾಡದ ಮನೆಯ ವಿದ್ಯುತ್ತು, ನೀರು, ತೆರಿಗೆ, ದುರಸ್ತಿಗಳ ಖರ್ಚನ್ನು ಮೊದಲೇ ಊಹಿಸುವುದು ಹೇಗೆ? ಯಾವ ಯಾವ ಬಾಬ್ತುಗಳನ್ನು ಬರೆದುಕೊಳ್ಳಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಲೆಕ್ಕದಪುಸ್ತಕ

ನಿಮ್ಮ ಪತ್ನಿ ಹೇಳುತ್ತಿರುವುದು ಸರಿ. ಸಾಲ ಕೊಡುವವರು ಲೆಕ್ಕ ಹಾಕುವುದು ನೀವು ಕಂತು ಕಟ್ಟಬಲ್ಲಿರಾ ಎಂಬುದನ್ನು ಮಾತ್ರ. ಕಂತು ಕಟ್ಟಿದ ಮೇಲೆ ನಿಮ್ಮ ಮನೆಯಲ್ಲಿ ಮೋಟಾರು ಸುಟ್ಟರೆ ಏನು ಮಾಡುತ್ತೀರಿ ಎಂದು ಅವರು ಕೇಳುವುದಿಲ್ಲ, ಕೇಳುವುದು ಅವರ ಕೆಲಸವೂ ಅಲ್ಲ.

ಒಂದು ಹಾಳೆಯಲ್ಲಿ ಮೂರು ಅಂಕಣಗಳನ್ನು ಮಾಡಿಕೊಳ್ಳಿ. ಮೊದಲನೆಯದರಲ್ಲಿ ಪ್ರತಿ ತಿಂಗಳೂ ಬರುವ ಖರ್ಚುಗಳು: ವಿದ್ಯುತ್ತು, ನೀರು, ಅಡುಗೆ ಅನಿಲ, ಇಂಟರ್‌ನೆಟ್ಟು, ಸಮುಚ್ಚಯವಾದರೆ ನಿರ್ವಹಣಾ ಶುಲ್ಕ. ಎರಡನೆಯದರಲ್ಲಿ ವರ್ಷಕ್ಕೊಮ್ಮೆ ಬರುವವು: ಆಸ್ತಿ ತೆರಿಗೆ, ಕಟ್ಟಡದ ವಿಮೆ, ಟ್ಯಾಂಕ್ ಸ್ವಚ್ಛತೆ, ಯಂತ್ರಗಳ ವಾರ್ಷಿಕ ಸರ್ವಿಸ್. ಇವುಗಳ ಮೊತ್ತವನ್ನು 12ರಿಂದ ಭಾಗಿಸಿ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ನಿಜವಾದ ಹೊರೆ ಇರುವುದು ಮೂರನೆಯ ಅಂಕಣದಲ್ಲಿ. ಹಲವು ವರ್ಷಗಳಿಗೊಮ್ಮೆ ಬಂದು ಒಂದೇ ಸಲಕ್ಕೆ ದೊಡ್ಡ ಮೊತ್ತವನ್ನು ಕೇಳುವ ಖರ್ಚುಗಳೆಲ್ಲ ಅಲ್ಲಿರುತ್ತವೆ: ಹೊರಗೋಡೆಯ ಬಣ್ಣ, ತಾರಸಿಯ ನೀರುನಿರೋಧಕ ಲೇಪನ, ಗೀಸರ್, ಫ್ರಿಜ್, ನೀರೆತ್ತುವ ಪಂಪು, ಸ್ನಾನಗೃಹದ ಕೊಳವೆಗಳು. ಇಂದಿನ ದರದಲ್ಲಿ ಪ್ರತಿಯೊಂದನ್ನೂ ಬದಲಿಸಲು ಎಷ್ಟಾಗುತ್ತದೆ ಎಂದು ವಿಚಾರಿಸಿ, ಅದು ಇನ್ನೆಷ್ಟು ವರ್ಷ ಬಾಳಬಹುದೋ ಅಷ್ಟು ವರ್ಷಗಳ ಒಟ್ಟು ತಿಂಗಳುಗಳಿಂದ ಭಾಗಿಸಿ. ನೀರು ತುಂಬಿಟ್ಟುಕೊಳ್ಳುವ ಗೀಸರ್ ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. ಹಳೆಯ ಮನೆಯಲ್ಲಿರುವ ಗೀಸರಿಗೆ ಈಗಾಗಲೇ 7 ವರ್ಷವಾಗಿದ್ದರೆ ಅದರ ಬೆಲೆಯನ್ನು 10 ವರ್ಷಗಳಿಗೆ ಹಂಚುವಂತಿಲ್ಲ, ಒಂದೆರಡು ವರ್ಷಗಳಲ್ಲೇ ಕೂಡಿಡಬೇಕಾಗುತ್ತದೆ.

ದರ ಏರಿಕೆಯನ್ನೂ ಮರೆಯಬೇಡಿ. 72ನ್ನು ವಾರ್ಷಿಕ ಏರಿಕೆಯ ದರದಿಂದ ಭಾಗಿಸಿದರೆ ಬೆಲೆ ಇಮ್ಮಡಿಯಾಗಲು ಬೇಕಾಗುವ ವರ್ಷಗಳು ಸುಮಾರಾಗಿ ಸಿಗುತ್ತವೆ. ಕೂಲಿ ಮತ್ತು ಸಾಮಗ್ರಿಯ ದರ ವರ್ಷಕ್ಕೆ ಶೇ. 6ರಂತೆ ಏರಿದರೆ 12 ವರ್ಷಗಳ ನಂತರ ಮಾಡಿಸುವ ಕೆಲಸಕ್ಕೆ ಇಂದಿನ ಎರಡರಷ್ಟು ಹಣ ಬೇಕು. ಕೂಡಿಟ್ಟ ಹಣಕ್ಕೂ ಬಡ್ಡಿ ಬರುವುದರಿಂದ ಈ ಹೊರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಇಳಿಯುವುದಿಲ್ಲ.

ನೇರನುಡಿ

ಇಷ್ಟೆಲ್ಲ ಅಂಕಣಗಳನ್ನು ಹಾಕುತ್ತ ಕೂತರೆ ಯಾರೂ ಮನೆ ಕೊಳ್ಳಲಾರರು. ಮನೆಯ ಬೆಲೆಯ ಶೇ. 1ರಷ್ಟನ್ನು ಪ್ರತಿ ವರ್ಷ ದುರಸ್ತಿಗೆಂದು ಎತ್ತಿಡಿ ಎಂಬ ಸರಳ ಸೂತ್ರ ಬಹಳ ಕಾಲದಿಂದ ಬಳಕೆಯಲ್ಲಿದೆ. ಅದನ್ನು 12ರಿಂದ ಭಾಗಿಸಿ ಕಂತಿಗೆ ಸೇರಿಸಿದರೆ ಮುಗಿಯಿತು. ಮೊದಲ ಮನೆ ಕೊಳ್ಳುವವರನ್ನು ಹೆದರಿಸುವುದರಿಂದ ಯಾರಿಗೂ ಪ್ರಯೋಜನವಿಲ್ಲ.

ಕಟ್ಟಡಗಾರ

ನೇರನುಡಿಯವರೇ, ನಾನು ಕಟ್ಟಡಗಳ ದುರಸ್ತಿ ಮಾಡಿಸುವ ವೃತ್ತಿಯಲ್ಲಿದ್ದೇನೆ, ಹಾಗಾಗಿ ಈ ಸೂತ್ರವನ್ನು ಒಪ್ಪಲಾರೆ. ಮನೆಯ ಬೆಲೆಯಲ್ಲಿ ನೆಲದ ಬೆಲೆಯೂ ಸೇರಿರುತ್ತದೆ. ಒಂದೇ ವರ್ಷ, ಒಂದೇ ನಕ್ಷೆಯಲ್ಲಿ ಕಟ್ಟಿದ ಎರಡು ಮನೆಗಳಲ್ಲಿ ಒಂದು ಪೇಟೆಯ ನಡುವಿದ್ದು ಇನ್ನೊಂದು ಊರಂಚಿನಲ್ಲಿದ್ದರೆ ಮೊದಲನೆಯದರ ಬೆಲೆ ನಾಲ್ಕು ಪಟ್ಟು ಇರಬಹುದು. ಹಾಗೆಂದು ಅದರ ಗೋಡೆಗೆ ನಾಲ್ಕು ಪಟ್ಟು ಬಣ್ಣ ಬೇಕಾಗುವುದಿಲ್ಲ. ನೆಲ ಸವೆಯುವುದಿಲ್ಲ, ಸವೆಯುವುದು ಕಟ್ಟಡ. ಆದ್ದರಿಂದ ಮನೆಯ ವಿಸ್ತೀರ್ಣವನ್ನು ಇಂದಿನ ನಿರ್ಮಾಣ ದರದಿಂದ ಗುಣಿಸಿ, ಅದೇ ಕಟ್ಟಡವನ್ನು ಹೊಸದಾಗಿ ಕಟ್ಟಲು ಎಷ್ಟಾಗುತ್ತದೆ ಎಂದು ಮೊದಲು ತಿಳಿಯಿರಿ. ನಾನಂತೂ ಆ ಮೊತ್ತದ ಮೇಲೆ ಹೊಸ ಕಟ್ಟಡಕ್ಕೆ ವರ್ಷಕ್ಕೆ ಶೇ. 1, ಹಳೆಯದಕ್ಕೆ ಶೇ. 2 ಎಂದು ಆರಂಭಿಸಿ, ಕಣ್ಣಾರೆ ನೋಡಿದ ಮೇಲೆ ಏರಿಸುತ್ತೇನೆ ಇಲ್ಲವೇ ಇಳಿಸುತ್ತೇನೆ.

ಹೊಸಹೊಸ್ತಿಲು ಅವರು ನೋಡಿರುವ 20 ವರ್ಷದ ಮನೆಯ ಬಗ್ಗೆ ಹೇಳುವುದಾದರೆ, ಹಳೆಯ ಮನೆಯಲ್ಲಿ ಹಣವನ್ನು ಹೀರುವುದು ಮುಖ್ಯವಾಗಿ ನೀರು. ತಾರಸಿಯ ಬಿರುಕಿನಿಂದ ಇಳಿದ ನೀರು ಕಾಂಕ್ರೀಟಿನೊಳಗಿನ ಕಂಬಿಯನ್ನು ಮುಟ್ಟಿದರೆ ಕಂಬಿಗೆ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಉಕ್ಕಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಕಂಬಿ ಉಬ್ಬಿದಂತಾಗಿ ಕೆಳಗಿನ ಕಾಂಕ್ರೀಟ್ ಪದರವನ್ನು ಒಡೆದು ಕಳಚುತ್ತದೆ. ಬಿರುಕು ಕಂಡ ವರ್ಷವೇ ಲೇಪನ ಮಾಡಿಸಿದರೆ ಖರ್ಚು ಅಷ್ಟಕ್ಕೇ ನಿಲ್ಲುತ್ತದೆ, ಕಂಬಿ ಹೊರಗೆ ಕಾಣುವವರೆಗೆ ಬಿಟ್ಟರೆ ಛಾವಣಿಯನ್ನೇ ದುರಸ್ತಿ ಮಾಡಬೇಕಾಗುತ್ತದೆ.

ಮನೆ ನೋಡಲು ಸಾಧ್ಯವಾದರೆ ಜೋರು ಮಳೆಯಾದ ಮರುದಿನ ಹೋಗಿ. ಸೀಲಿಂಗಿನ ಮೂಲೆಗಳನ್ನು ನೋಡಿ. ಒಂದು ಕಡೆ ಮಾತ್ರ ಹೊಸ ಬಣ್ಣದ ತೇಪೆ ಕಂಡರೆ ಕಾರಣ ಕೇಳಿ. ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತೆರೆದು ನೀರಿನ ರಭಸ ಗಮನಿಸಿ. ಹಳೆಯ ಕಬ್ಬಿಣದ ಕೊಳವೆಗಳು ಒಳಗಿನಿಂದ ತುಕ್ಕು ಹಿಡಿದು ಕಿರಿದಾಗುತ್ತ ಹೋಗುತ್ತವೆ, ಬೆಳಗ್ಗೆ ಮೊದಲು ಬಿಟ್ಟಾಗ ಬರುವ ನೀರು ಕೆಂಪಗಿದ್ದರೆ ಅದು ಎಚ್ಚರಿಕೆ. ವೈರಿಂಗ್ ಯಾವಾಗ ಮಾಡಿಸಿದ್ದು, ಅರ್ಥಿಂಗ್ ಸರಿಯಾಗಿದೆಯೇ ಎಂಬುದನ್ನು ನಂಬಿಕಸ್ಥ ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಳ್ಳಿ. ಪರೀಕ್ಷೆಗೆ ಕೊಡುವ ಶುಲ್ಕಕ್ಕೆ ದಯವಿಟ್ಟು ಹಿಂಜರಿಯಬೇಡಿ. ಅಲ್ಲಿ ಕಂಡುಬಂದ ಪ್ರತಿ ದೋಷವನ್ನೂ ಬೆಲೆಯ ಮಾತುಕತೆಯಲ್ಲಿ ಬಳಸಬಹುದು.

ಸಂಜೆಗಾಳಿ

ಬಾಡಿಗೆಯನ್ನು ಕಂತಿನ ಜೊತೆ ನೇರವಾಗಿ ಹೋಲಿಸುವುದು ಸರಿಯೇ? ಎಲ್ಲರೂ ಬಾಡಿಗೆ ಕೊಡುವ ಬದಲು ಕಂತು ಕಟ್ಟಿ ಎಂದೇ ಹೇಳುತ್ತಾರಲ್ಲ.

ಲೆಕ್ಕದಪುಸ್ತಕ

ಸಂಜೆಗಾಳಿಯವರೇ, ಆ ಹೋಲಿಕೆ ಎರಡು ದಿಕ್ಕಿನಲ್ಲೂ ತಪ್ಪುತ್ತದೆ. ಬಾಡಿಗೆಯೊಳಗೆ ಮಾಲೀಕರು ಕಟ್ಟುವ ತೆರಿಗೆ, ದೊಡ್ಡ ದುರಸ್ತಿ, ವಿಮೆ ಎಲ್ಲವೂ ಅಡಗಿವೆ, ಕಂತಿನಲ್ಲಿ ಅವು ಇಲ್ಲ. ಇನ್ನೊಂದು ಕಡೆಯಿಂದ ನೋಡಿದರೆ ಕಂತಿನಲ್ಲಿ ಅಸಲಿನ ಭಾಗವೊಂದಿದೆ, ಅದು ನಿಮ್ಮ ಆಸ್ತಿಗೇ ಸೇರುವ ಉಳಿತಾಯ. ಆದರೆ ಆರಂಭದಲ್ಲಿ ಆ ಭಾಗ ಬಹಳ ಚಿಕ್ಕದು. ಶೇ. 9ರ ಬಡ್ಡಿಯಲ್ಲಿ 20 ವರ್ಷಗಳ ಸಾಲಕ್ಕೆ ಪ್ರತಿ ಲಕ್ಷಕ್ಕೂ ತಿಂಗಳ ಕಂತು ಸುಮಾರು 900 ಆಗುತ್ತದೆ. ಮೊದಲ ತಿಂಗಳ 900ರಲ್ಲಿ 750 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸೇರುವುದು 150 ಮಾತ್ರ. ಆದ್ದರಿಂದ ಬಾಡಿಗೆಯ ಎದುರಿಗೆ ಇಡಬೇಕಾದದ್ದು ಬಡ್ಡಿ, ತೆರಿಗೆ, ವಿಮೆ, ನಿರ್ವಹಣೆ ಈ ನಾಲ್ಕರ ಮೊತ್ತವನ್ನು. ಕೈಯಿಂದ ಹಣ ಎಷ್ಟು ಹೊರಡುತ್ತದೆ ಎಂಬ ಪ್ರಶ್ನೆ ಬೇರೆ. ಅಲ್ಲಿ ಅಸಲನ್ನೂ ಸೇರಿಸಲೇಬೇಕು.

ನೇರನುಡಿ

ಕಟ್ಟಡಗಾರರು ನೆಲದ ಬೆಲೆಯ ಬಗ್ಗೆ ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಎಲ್ಲರೂ ಒಂದು ಮುಖ್ಯ ಸಂಗತಿಯನ್ನು ಬಿಡುತ್ತಿದ್ದೀರಿ. ಸಂಬಳ ಏರುತ್ತದೆ, ಕಂತು ಏರುವುದಿಲ್ಲ. ವರ್ಷಕ್ಕೆ ಶೇ. 6ರಂತೆ ಸಂಬಳ ಹೆಚ್ಚಿದರೂ ಇಂದು ಶೇ. 45 ಇರುವ ಕಂತು 5 ವರ್ಷಗಳಲ್ಲಿ ಸಂಬಳದ ಶೇ. 34ರ ಆಸುಪಾಸಿಗೆ ಇಳಿಯುತ್ತದೆ. ಮೊದಲ ಕೆಲವು ವರ್ಷ ಬಿಗಿಯಾಗಿ ನಡೆಸಿದರೆ ನಂತರ ಹಾದಿ ಸುಗಮ. ಆ ಧೈರ್ಯ ಮಾಡದವರು ವರ್ಷ ವರ್ಷವೂ ಏರುವ ಮನೆ ಬೆಲೆಯ ಹಿಂದೆ ಓಡುತ್ತಲೇ ಇರುತ್ತಾರೆ.

ಬಡ್ಡಿಲೆಕ್ಕ

ಕಂತು ಏರುವುದಿಲ್ಲ ಎಂಬ ಮಾತು ಸ್ಥಿರ ಬಡ್ಡಿಯ ಸಾಲಕ್ಕೆ ಮಾತ್ರ ಸಲ್ಲುತ್ತದೆ. ಬದಲಾಗುವ ಬಡ್ಡಿಯ ಸಾಲವಾದರೆ ಲೆಕ್ಕ ಬೇರೆ. ಮೇಲೆ ಹೇಳಿದ ಅದೇ 20 ವರ್ಷಗಳ ಸಾಲದಲ್ಲಿ ಬಡ್ಡಿ ಶೇ. 9ರಿಂದ 10ಕ್ಕೆ ಏರಿದರೆ ಲಕ್ಷಕ್ಕೆ 900 ಇದ್ದ ಕಂತು 965 ಆಗುತ್ತದೆ, ಅಂದರೆ ಶೇ. 7ಕ್ಕಿಂತ ಹೆಚ್ಚಿನ ಏರಿಕೆ. ಕಂತನ್ನು ಹಾಗೆಯೇ ಉಳಿಸಿಕೊಂಡು ಅವಧಿಯನ್ನು ಹೆಚ್ಚಿಸಿದರೆ 240 ತಿಂಗಳ ಸಾಲ ಸುಮಾರು 314 ತಿಂಗಳಿಗೆ ಹೋಗುತ್ತದೆ. ಶೇಕಡಾ ಒಂದೇ ಒಂದು ಅಂಶದ ಏರಿಕೆಗೆ ಆರು ವರ್ಷಗಳ ಹೆಚ್ಚುವರಿ ದುಡಿಮೆ. ಕಂತು ಬದಲಾಗದ ಕಾರಣ ಎಷ್ಟೋ ಜನರಿಗೆ ಇದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಮನೆಯ ಬಜೆಟ್ಟನ್ನು ಇಂದಿನ ಬಡ್ಡಿಯಲ್ಲಿ ಒಮ್ಮೆ, ಅದಕ್ಕಿಂತ ಎರಡು ಅಂಶ ಹೆಚ್ಚಿಗೆ ಇಟ್ಟು ಇನ್ನೊಮ್ಮೆ ಬರೆಯಿರಿ. ಎರಡನೆಯದರಲ್ಲೂ ಸಂಸಾರ ನಡೆಯುವಂತಿದ್ದರೆ ಮಾತ್ರ ಮುಂದುವರಿಯಿರಿ.

ಮಳೆಹನಿ

ನೇರನುಡಿಯವರ ಮಾತಿಗೆ ಇನ್ನೊಂದು ಸೇರಿಸಬೇಕು. ಮೊದಲ ಕೆಲವು ವರ್ಷ ಬಿಗಿಯಾಗಿ ನಡೆಸಿ ಎನ್ನುವುದು ಸುಲಭ, ಆದರೆ ಹೊಸ ಮನೆಗೆ ಪರದೆ, ಕಪಾಟು, ಫ್ಯಾನು, ಬೀಗ, ಕಿಟಕಿಯ ಜಾಲರಿ ಎಂದು ಖರ್ಚು ಹೆಚ್ಚು ಬರುವುದು ಆ ವರ್ಷಗಳಲ್ಲೇ. ಇಬ್ಬರ ಸಂಬಳದ ಮೇಲೆ ನಿಂತಿರುವ ಕಂತಿನಲ್ಲಿ ಒಬ್ಬರು ಕೆಲಸ ಬಿಡಬೇಕಾಗಿ ಬಂದರೆ, ಮಗು ಹುಟ್ಟಿ ರಜೆ ಹಾಕಬೇಕಾದರೆ, ಶೇ. 45 ಇದ್ದದ್ದು ಒಮ್ಮೆಗೇ ಶೇ. 90 ಆಗಬಹುದು. ಇಬ್ಬರ ಸಂಬಳವೂ ಸಮವಾಗಿದ್ದರೆ ಇದು ಉತ್ಪ್ರೇಕ್ಷೆಯಲ್ಲ, ನೇರ ಲೆಕ್ಕ.

ಮೀಟರ್‌ಬಲ್ಲವರು

ವಾಸ ಮಾಡದ ಮನೆಯ ವಿದ್ಯುತ್ ಖರ್ಚನ್ನು ಊಹಿಸುವುದು ಹೇಗೆ ಎಂಬ ಮೂಲ ಪ್ರಶ್ನೆಗೆ ಬರುತ್ತೇನೆ. ಈಗಿನ ಮಾಲೀಕರಿಂದ ಕಳೆದ 12 ತಿಂಗಳ ಬಿಲ್ಲುಗಳನ್ನು ಕೇಳಿ ಪಡೆಯಿರಿ. ಒಂದೆರಡು ತಿಂಗಳದ್ದು ಸಾಲದು, ಏಕೆಂದರೆ ಸೆಕೆಗಾಲದ ಬಿಲ್ಲಿಗೂ ಚಳಿಗಾಲದ ಬಿಲ್ಲಿಗೂ ಬಹಳ ವ್ಯತ್ಯಾಸವಿರುತ್ತದೆ. ಬಿಲ್ಲಿನಲ್ಲಿ ಮೊತ್ತವನ್ನು ನೋಡುವುದಕ್ಕಿಂತ ಯೂನಿಟ್ಟುಗಳನ್ನು ನೋಡಿ. ದರ ಬದಲಾಗಬಹುದು, ಬಳಕೆಯ ಕಥೆ ಹೇಳುವುದು ಯೂನಿಟ್ಟು. ನಿಗದಿತ ಶುಲ್ಕ ಎಷ್ಟು, ಬಳಕೆಯ ಶುಲ್ಕ ಎಷ್ಟು ಎಂದು ಬೇರ್ಪಡಿಸಿ, ಏಕೆಂದರೆ ಮನೆಗೆ ಬೀಗ ಹಾಕಿದರೂ ನಿಗದಿತ ಶುಲ್ಕ ತಪ್ಪುವುದಿಲ್ಲ.

ನಂತರ ಆ ಮನೆಯಲ್ಲಿ ಎಷ್ಟು ಜನರಿದ್ದರು ಎಂದು ಕೇಳಿ. ಫ್ರಿಜ್ಜಿನ ಖರ್ಚು ಇಬ್ಬರಿದ್ದರೂ ಐವರಿದ್ದರೂ ಹೆಚ್ಚುಕಡಿಮೆ ಒಂದೇ. ಬಿಸಿನೀರಿನದು ತಲೆಗಳ ಲೆಕ್ಕದಲ್ಲಿ ಏರುತ್ತದೆ. ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು, ಒಂದು ಯೂನಿಟ್ಟಿನಲ್ಲಿರುವುದು 3,600 ಕಿಲೋಜೂಲ್. ಆ ಪ್ರಕಾರ ದಿನಕ್ಕೆ 100 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿ ಮಾಡಿದರೆ 3.5 ಯೂನಿಟ್, ತಿಂಗಳಿಗೆ 105 ಯೂನಿಟ್ ಆಗುತ್ತದೆ. ಗೀಸರಿನ ಮೈಯಿಂದ ಸೋರುವ ಶಾಖ ಇದಕ್ಕೆ ಹೆಚ್ಚುವರಿ. ಇದರ ಪಕ್ಕದಲ್ಲಿ ದೀಪಗಳನ್ನಿಟ್ಟು ನೋಡಿ: ದಿನಕ್ಕೆ 5 ಗಂಟೆ ಉರಿಯುವ 9 ವ್ಯಾಟಿನ ಎಲ್‌ಇಡಿ ದೀಪ ತಿಂಗಳಿಗೆ ಒಂದೂವರೆ ಯೂನಿಟ್ಟನ್ನೂ ಬಳಸುವುದಿಲ್ಲ. ದೀಪ ಆರಿಸಿಲ್ಲವೆಂದು ಮಕ್ಕಳನ್ನು ಗದರುವ ಮನೆಗಳಲ್ಲೇ ಗೀಸರ್ ಇಡೀ ದಿನ ಆನ್ ಆಗಿರುವುದನ್ನು ಕಂಡಿದ್ದೇನೆ. ನೀರು ಕಾಯಿಸುವುದು, ಕೋಣೆಯನ್ನು ತಂಪಾಗಿಸುವುದು, ಬೆಚ್ಚಗಿಡುವುದು, ಈ ಮೂರನ್ನು ಹಿಡಿತದಲ್ಲಿಟ್ಟರೆ ಬಿಲ್ಲಿನ ಬಹುಭಾಗ ಹಿಡಿತಕ್ಕೆ ಬಂದಂತೆ.

ದೊಡ್ಡ ಮನೆಯ ಆಸೆ ಇರುವವರು ಇದನ್ನೂ ಗಮನಿಸಬೇಕು. ಪಶ್ಚಿಮದ ಬಿಸಿಲು ನೇರವಾಗಿ ಬೀಳುವ ದೊಡ್ಡ ಕಿಟಕಿಗಳು, ಮೇಲೆ ಬರೀ ತಾರಸಿ ಇರುವ ಕೊನೆಯ ಮಹಡಿ, ಇವು ಬಿಸಿಲುಗಾಲದಲ್ಲಿ ಎಸಿಯ ಖರ್ಚನ್ನು ಏರಿಸುತ್ತವೆ. ಒಂದೇ ವಿಸ್ತೀರ್ಣದ ಎರಡು ಫ್ಲ್ಯಾಟುಗಳಲ್ಲೂ ಈ ಕಾರಣದಿಂದ ಬಿಲ್ಲು ಬೇರೆಯಾಗುತ್ತದೆ.

ಹಳೇಹಂಚು

ನೀರಿನ ಬಗ್ಗೆಯೂ ಇಷ್ಟೇ ಖಚಿತವಾಗಿ ಲೆಕ್ಕ ಹಾಕಬಹುದು. ರಾತ್ರಿ ಎಲ್ಲರೂ ಮಲಗುವ ಮುನ್ನ ಮೀಟರಿನ ಅಂಕಿ ಬರೆದುಕೊಂಡು, ಬೆಳಗ್ಗೆ ಯಾರೂ ನಲ್ಲಿ ತೆರೆಯುವ ಮೊದಲು ಮತ್ತೆ ನೋಡಿ. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಎಂದರ್ಥ. ನಮ್ಮ ಅಕ್ಕ ಹಳೆಯ ಮನೆಗೆ ಹೋದ ಹೊಸದರಲ್ಲಿ ಹೀಗೆಯೇ ಶೌಚಾಲಯದ ಫ್ಲಶ್ ತೊಟ್ಟಿಯ ಸೋರಿಕೆಯನ್ನು ಪತ್ತೆ ಮಾಡಿದರು. ಅದು ಸದ್ದಿಲ್ಲದೆ ಒಳಗೇ ಹರಿದುಹೋಗುತ್ತಿತ್ತು. ಸೋರುವ ನಲ್ಲಿಯ ಕೆಳಗೆ ಲೋಟವಿಟ್ಟು ಹತ್ತು ನಿಮಿಷದಲ್ಲಿ 100 ಮಿಲಿಲೀಟರ್ ಸೇರಿದರೆ ದಿನಕ್ಕೆ 14 ಲೀಟರಿಗಿಂತ ಹೆಚ್ಚು, ವರ್ಷಕ್ಕೆ 5,000 ಲೀಟರಿಗೂ ಮಿಗಿಲು. ವಾಷರ್ ಬದಲಿಸುವ ಖರ್ಚು ಅದರ ಮುಂದೆ ಏನೂ ಅಲ್ಲ.

ಸಂಜೆಗಾಳಿ

ಬಿಡಿ ಮನೆಗಿಂತ ಫ್ಲ್ಯಾಟೇ ವಾಸಿ ಎನ್ನಿಸುತ್ತಿದೆ. ತಿಂಗಳಿಗೆ ಇಂತಿಷ್ಟು ಶುಲ್ಕ ಕಟ್ಟಿದರೆ ತಾರಸಿ, ಪಂಪು, ಹೊರಗೋಡೆ ಯಾವುದರ ಚಿಂತೆಯೂ ಇರುವುದಿಲ್ಲ.

ಮೂರನೇಮಹಡಿ

ಸಂಜೆಗಾಳಿಯವರೇ, ನಾನು ನಮ್ಮ ಸಮುಚ್ಚಯದ ಸಮಿತಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಚಿಂತೆ ಹೋಗುವುದಿಲ್ಲ, ಅದು ಎಲ್ಲರ ನಡುವೆ ಹಂಚಿಹೋಗುತ್ತದೆ ಅಷ್ಟೆ. ಹೊಸ ಕಟ್ಟಡದಲ್ಲಿ ಮೊದಲ ಒಂದೆರಡು ವರ್ಷ ನಿರ್ವಹಣಾ ಶುಲ್ಕ ಕಡಿಮೆ ಇರುವುದು ಸಹಜ. ಲಿಫ್ಟು, ಜನರೇಟರು, ಪಂಪುಗಳೆಲ್ಲ ಆಗ ವಾರಂಟಿಯಲ್ಲಿರುತ್ತವೆ. ವಾರಂಟಿ ಮುಗಿದು ವಾರ್ಷಿಕ ನಿರ್ವಹಣಾ ಒಪ್ಪಂದಗಳು ಆರಂಭವಾದ ಕೂಡಲೇ ಶುಲ್ಕ ಏರುತ್ತದೆ. ಈಜುಕೊಳ ಇದೆ ಎಂದು ಸಂತೋಷಪಡುವ ಮೊದಲು, ನೀವು ಒಂದು ದಿನವೂ ಇಳಿಯದಿದ್ದರೂ ಅದರ ನೀರು, ವಿದ್ಯುತ್ತು, ಸಿಬ್ಬಂದಿಯ ಖರ್ಚಿನಲ್ಲಿ ನಿಮ್ಮ ಪಾಲು ಇರುತ್ತದೆ ಎಂಬುದನ್ನು ತಿಳಿದಿರಿ.

ಮುಂಗಡ ಕೊಡುವ ಮೊದಲು ಕೇಳಲೇಬೇಕಾದ ಪ್ರಶ್ನೆಗಳಿವೆ. ಶುಲ್ಕವನ್ನು ವಿಸ್ತೀರ್ಣದ ಮೇಲೆ ಹಾಕುತ್ತಾರೆಯೇ ಅಥವಾ ಎಲ್ಲ ಮನೆಗಳಿಗೂ ಸಮನಾಗಿಯೇ? ದೊಡ್ಡ ದುರಸ್ತಿಗಳಿಗೆಂದು ಮೀಸಲು ನಿಧಿ ಇದೆಯೇ, ಅದರಲ್ಲಿ ಈಗ ಎಷ್ಟಿದೆ? ಶುಲ್ಕ ಬಾಕಿ ಉಳಿಸಿಕೊಂಡವರು ಎಷ್ಟು ಮಂದಿ? ಮಾರಾಟವಾಗದೆ ಉಳಿದ ಮನೆಗಳ ಪಾಲನ್ನು ಯಾರು ಕಟ್ಟುತ್ತಿದ್ದಾರೆ? ಈ ಕೊನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಆದರೆ ಹೊಸ ಸಮುಚ್ಚಯದಲ್ಲಿ ಅದೇ ಮುಖ್ಯ. ಹಳೆಯ ಸಮುಚ್ಚಯವಾದರೆ ಕಳೆದ ಮೂರು ವರ್ಷಗಳ ಲೆಕ್ಕಪರಿಶೋಧನಾ ವರದಿಗಳನ್ನೂ ಸಭೆಯ ನಡಾವಳಿಗಳನ್ನೂ ಕೇಳಿ ಓದಿ. ಲಿಫ್ಟ್ ಬದಲಿಸಬೇಕೆಂಬ ಚರ್ಚೆ ನಡಾವಳಿಯಲ್ಲಿದ್ದು ನಿಧಿಯಲ್ಲಿ ಹಣವಿಲ್ಲದಿದ್ದರೆ ನೀವು ಮನೆಗೆ ಬಂದ ಮರುವರ್ಷವೇ ಪ್ರತಿ ಮನೆಗೂ ವಿಶೇಷ ವಂತಿಗೆ ಬೀಳುತ್ತದೆ. ಕಡಿಮೆ ಶುಲ್ಕವನ್ನೇ ಒಳ್ಳೆಯ ಆಡಳಿತ ಎಂದು ತಿಳಿಯಬೇಡಿ. ಎಷ್ಟೋ ಕಡೆ ಅದು ಮುಂದೂಡಿದ ಖರ್ಚು.

ಕಟ್ಟಡಗಾರ

ಮೂರನೇಮಹಡಿಯವರ ಮಾತು ನೂರಕ್ಕೆ ನೂರು ನಿಜ. ಮೀಸಲು ನಿಧಿ ಇಲ್ಲದ ಕಟ್ಟಡಗಳಲ್ಲಿ ತಾರಸಿ ಸೋರಿದಾಗ ಮೇಲಿನ ಮಹಡಿಯವರಿಗೂ ಕೆಳಗಿನವರಿಗೂ ನಡೆಯುವ ಜಗಳ ವರ್ಷಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ದುರಸ್ತಿಯ ಖರ್ಚು ಬೆಳೆದಿರುತ್ತದೆ.

ಬಡ್ಡಿಲೆಕ್ಕ

ವಿಮೆಯ ವಿಷಯದಲ್ಲಿ ಎರಡು ಮಾತು. ಸಾಲದ ಜೊತೆ ಕೊಡುವ ವಿಮೆ ಅನೇಕ ವೇಳೆ ಸಾಲಗಾರರ ಜೀವಕ್ಕೆ ಸಂಬಂಧಿಸಿದ್ದಾಗಿರುತ್ತದೆ, ಬೆಂಕಿ ಅಥವಾ ನೆರೆಯಿಂದ ಕಟ್ಟಡಕ್ಕಾಗುವ ಹಾನಿಗೆ ಅದು ಒದಗುವುದಿಲ್ಲ. ಪತ್ರವನ್ನು ಓದಿ ಖಚಿತಪಡಿಸಿಕೊಳ್ಳಿ. ಕಟ್ಟಡದ ವಿಮೆಯನ್ನು ಮಾಡಿಸುವಾಗ ನೆಲದ ಬೆಲೆಯನ್ನು ಬಿಟ್ಟು ಮರುನಿರ್ಮಾಣದ ವೆಚ್ಚಕ್ಕೆ ಮಾಡಿಸಿ. ವಿಮೆಯ ಕಂತು ಉಳಿಸಲೆಂದು ಅರ್ಧ ಮೌಲ್ಯಕ್ಕೆ ಮಾತ್ರ ಮಾಡಿಸಿದರೆ, ಪ್ರಮಾಣಾನುಸಾರ ಕಡಿತದ ಷರತ್ತು ಇರುವ ಪಾಲಿಸಿಗಳಲ್ಲಿ 20ರಷ್ಟು ಹಾನಿಗೆ 10 ಮಾತ್ರ ಸಿಗುತ್ತದೆ.

ದೂರದಾರಿ

ಓಡಾಟದ ಖರ್ಚನ್ನು ಯಾರೂ ಎತ್ತಿಲ್ಲ. ಊರಿಂದ ದೂರ ಹೋದಷ್ಟೂ ಮನೆ ಅಗ್ಗವಾಗುತ್ತದೆ, ಆದರೆ ಕೆಲಸಕ್ಕೆ ಹೋಗಿಬರುವ ದಾರಿ ದಿನಕ್ಕೆ 30 ಕಿಲೋಮೀಟರ್ ಹೆಚ್ಚಿದರೆ ತಿಂಗಳಿಗೆ 22 ಕೆಲಸದ ದಿನಗಳಲ್ಲಿ 660 ಕಿಲೋಮೀಟರ್. ಇಬ್ಬರೂ ಬೇರೆ ಬೇರೆ ವಾಹನಗಳಲ್ಲಿ ಹೋದರೆ 1,320. ಇಂಧನದ ಜೊತೆಗೆ ಟೈರು, ಸರ್ವಿಸ್ಸು, ವಾಹನದ ಸವೆತ ಎಲ್ಲವೂ ಸೇರಿ ಕಿಲೋಮೀಟರಿಗೆ ಎಷ್ಟಾಗುತ್ತದೆ ಎಂದು ನೋಡಿ ಗುಣಿಸಿ. ಆ ಮೊತ್ತ ಮನೆಯ ಖರ್ಚೇ, ಅದನ್ನು ವಾಹನದ ಖಾತೆಗೆ ಬರೆಯಬೇಡಿ.

ಹೊಸಹೊಸ್ತಿಲು

ಎಲ್ಲರಿಗೂ ಧನ್ಯವಾದಗಳು. ನೀವು ಹೇಳಿದ ಬಾಬ್ತುಗಳನ್ನೆಲ್ಲ ಇಬ್ಬರೂ ಕೂತು ಬರೆದೆವು. ಹಳೆಯ ಮನೆಯವರು ಒಂದು ವರ್ಷದ ಬಿಲ್ಲುಗಳನ್ನು ಕೊಟ್ಟರು. ತೆರಿಗೆ, ವಿಮೆ, ವಿದ್ಯುತ್ತು, ನೀರು, ಮೂರನೆಯ ಅಂಕಣದ ಮಾಸಿಕ ಪಾಲು ಎಲ್ಲವೂ ಸೇರಿ ನಮ್ಮ ಸಂಬಳದ ಶೇ. 11 ಆಯಿತು, ಫ್ಲ್ಯಾಟಿಗೆ ಶೇ. 9. ಈಗ ಬಾಡಿಗೆ, ವಿದ್ಯುತ್ತು, ನೀರುಗಳನ್ನು ಬಿಟ್ಟು ಸಂಸಾರಕ್ಕೆ ತಗಲುತ್ತಿರುವುದು ಶೇ. 48. ಗರಿಷ್ಠ ಸಾಲ ಪಡೆದರೆ ಫ್ಲ್ಯಾಟಿನಲ್ಲೂ ಒಟ್ಟು ಶೇ. 102, ಅಂದರೆ ಪ್ರತಿ ತಿಂಗಳೂ ಕೊರತೆ, ಉಳಿತಾಯ ಸೊನ್ನೆ. ಆದ್ದರಿಂದ ಕಂತು ಶೇ. 30 ದಾಟದಂತೆ ಸಾಲವನ್ನು ಇಳಿಸುವುದು, ಅದಕ್ಕೆ ತಕ್ಕಂತೆ ಚಿಕ್ಕ ಮನೆಯನ್ನು ನೋಡುವುದು ಎಂದು ಇಬ್ಬರೂ ಒಪ್ಪಿದ್ದೇವೆ.

ಒಂದು ಪ್ರಶ್ನೆ ಉಳಿದಿದೆ. ಹೆಚ್ಚು ಹಣ ಕೈಯಲ್ಲಿದ್ದರೆ ಅದನ್ನು ದುರಸ್ತಿ ನಿಧಿಗೆ ಹಾಕಬೇಕೇ ಅಥವಾ ಸಾಲಕ್ಕೆ ಮುಂಚಿತವಾಗಿ ಕಟ್ಟಬೇಕೇ?

ನೇರನುಡಿ

ಸಾಲಕ್ಕೇ ಕಟ್ಟಿ, ಇದರಲ್ಲಿ ಅನುಮಾನವೇ ಬೇಡ. ಶೇ. 9ರ 20 ವರ್ಷಗಳ ಸಾಲದಲ್ಲಿ ಮೊದಲ ತಿಂಗಳಲ್ಲೇ ಒಂದು ಕಂತಿನಷ್ಟು ಹಣವನ್ನು ಹೆಚ್ಚಿಗೆ ಕಟ್ಟಿದರೆ ಕೊನೆಯಲ್ಲಿ ಸುಮಾರು ಆರು ಕಂತುಗಳು ಉಳಿಯುತ್ತವೆ. ಠೇವಣಿಯಲ್ಲಿಟ್ಟ ನಿಧಿಗೆ ಇಷ್ಟು ಲಾಭ ಎಲ್ಲಿಂದ ಬರಬೇಕು?

ಲೆಕ್ಕದಪುಸ್ತಕ

ಆರು ಕಂತುಗಳ ಲೆಕ್ಕ ಸರಿಯೇ ಇದೆ. ಆದರೆ ಸಾಲಕ್ಕೆ ಕಟ್ಟಿದ ಹಣವನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲಾಗುವುದಿಲ್ಲ. ಕಟ್ಟಿದ ಮರುತಿಂಗಳೇ ಪಂಪು ಕೆಟ್ಟರೆ ಕ್ರೆಡಿಟ್ ಕಾರ್ಡನ್ನೋ ವೈಯಕ್ತಿಕ ಸಾಲವನ್ನೋ ಹಿಡಿಯಬೇಕಾಗುತ್ತದೆ, ಅವುಗಳ ಬಡ್ಡಿ ಗೃಹಸಾಲದ ಬಡ್ಡಿಗಿಂತ ಬಹಳ ಹೆಚ್ಚು. ಆದ್ದರಿಂದ ಕ್ರಮ ಹೀಗಿರಲಿ: ಮೊದಲು ಕಂತೂ ಸೇರಿದಂತೆ ಆರು ತಿಂಗಳ ಖರ್ಚಿನ ತುರ್ತು ನಿಧಿ, ನಂತರ ಮೂರನೆಯ ಅಂಕಣದ ಒಂದು ವರ್ಷದ ಮೊತ್ತ, ಆಮೇಲೆ ಉಳಿದದ್ದೆಲ್ಲ ಸಾಲಕ್ಕೆ. ಈ ಎರಡು ನಿಧಿಗಳನ್ನೂ ಒಂದೇ ಖಾತೆಯಲ್ಲಿ ಬೆರೆಸಬೇಡಿ. ಕೆಲಸ ಹೋದಾಗ ಬಳಸುವ ಹಣವನ್ನು ಬಣ್ಣಕ್ಕೆ ಖರ್ಚು ಮಾಡಿದರೆ ಎರಡೂ ಇಲ್ಲದಂತಾಗುತ್ತದೆ.

ನೇರನುಡಿ

ಆರು ತಿಂಗಳು ಅತಿಯಾಯಿತು. ಇಬ್ಬರೂ ದುಡಿಯುವ ಮನೆಗೆ ಮೂರು ಸಾಕು ಎಂಬ ನನ್ನ ಅಭಿಪ್ರಾಯದಿಂದ ನಾನು ಹಿಂದೆ ಸರಿಯುವುದಿಲ್ಲ. ಆದರೆ ದುರಸ್ತಿ ನಿಧಿ ಮೊದಲು ತುಂಬಬೇಕು ಎಂಬುದಕ್ಕೆ ತಕರಾರಿಲ್ಲ.

ಮಳೆಹನಿ

ಹೊಸಹೊಸ್ತಿಲು ಅವರಿಗೆ ಒಂದು ಸಲಹೆ. ಚಿಕ್ಕ ಮನೆಯನ್ನು ಹುಡುಕುವ ಈ ತಿಂಗಳುಗಳಲ್ಲೇ ತಾಲೀಮು ಆರಂಭಿಸಿ. ಮುಂದಿನ ಕಂತು ಮತ್ತು ನಿರ್ವಹಣೆ ಸೇರಿ ಶೇ. 39 ಆಗುವುದಾದರೆ, ಈಗಿನ ಬಾಡಿಗೆ ಮತ್ತು ಬಿಲ್ಲುಗಳನ್ನು ಕಳೆದು ಉಳಿಯುವ ವ್ಯತ್ಯಾಸವನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿ, ಮುಟ್ಟಬೇಡಿ. ತಿಂಗಳ ಕೊನೆಗೆ ಆ ಖಾತೆಯಿಂದ ಹಣ ತೆಗೆಯಬೇಕಾಗಿ ಬಂದರೆ ನಿಮ್ಮ ಹಾಳೆಯಲ್ಲಿ ಏನೋ ಬಿಟ್ಟುಹೋಗಿದೆ. ತೆಗೆಯಬೇಕಾಗಿ ಬರದಿದ್ದರೆ ಮನೆ ಸಿಗುವಷ್ಟರಲ್ಲಿ ನಿಧಿಯ ಮೊದಲ ಭಾಗ ಸಿದ್ಧವಾಗಿರುತ್ತದೆ.

ಹೊಸಹೊಸ್ತಿಲು

ಇದು ಬಹಳ ಹಿಡಿಸಿತು. ಬರುವ ಸಂಬಳದಿಂದಲೇ ಆರಂಭಿಸುತ್ತೇವೆ. ಖಾತೆಯನ್ನು ಇಬ್ಬರ ಹೆಸರಿನಲ್ಲೂ ತೆರೆಯುವುದು ಒಳ್ಳೆಯದಲ್ಲವೇ?

ಲೆಕ್ಕದಪುಸ್ತಕ

ಜಂಟಿ ಖಾತೆಯೇ ಒಳ್ಳೆಯದು, ಇಬ್ಬರಲ್ಲಿ ಯಾರಾದರೂ ಒಬ್ಬರ ಸಹಿಯಿಂದ ಹಣ ತೆಗೆಯುವಂತಿರಲಿ. ಒಬ್ಬರು ಊರಲ್ಲಿಲ್ಲದಾಗಲೇ ಕೊಳವೆ ಒಡೆದರೆ ಪ್ಲಂಬರಿಗೆ ಕೊಡುವ ಹಣಕ್ಕೆ ಕಾಯಬೇಕಾಗಬಾರದು.

ಮೀಟರ್‌ಬಲ್ಲವರು

ಮನೆ ಯಾವುದಾದರೂ ಆಗಲಿ, ಕೀಲಿ ಕೈಗೆ ಬಂದ ದಿನ ವಿದ್ಯುತ್ ಮತ್ತು ನೀರಿನ ಮೀಟರುಗಳ ಅಂಕಿಯನ್ನು ಹಳೆಯ ಮಾಲೀಕರ ಎದುರಿನಲ್ಲೇ ಬರೆದುಕೊಂಡು, ದಿನಾಂಕ ಕಾಣುವಂತೆ ಫೋಟೋ ತೆಗೆದಿಡಿ. ಹಿಂದಿನ ಬಾಕಿ ಇಲ್ಲವೆಂಬ ರಸೀದಿಗಳನ್ನೂ ಅಂದೇ ಪಡೆಯಿರಿ. ಸಂಪರ್ಕವನ್ನು ನಿಮ್ಮ ಹೆಸರಿಗೆ ಬದಲಿಸುವ ಅರ್ಜಿಯನ್ನು ಆ ವಾರದಲ್ಲೇ ಕೊಟ್ಟುಬಿಡಿ.